ಗದ್ದೆ ಅಂಚಿನ ಕಾಡುಬೆಕ್ಕು ಎಷ್ಟು ಇಲಿ ಹಿಡಿಯುತ್ತದೆ? ಇಲಿ ಪಾಷಾಣ ಇಟ್ಟರೆ ಅದಕ್ಕೂ ತಗಲುತ್ತದಾ?

ಗದ್ದೆಮನೆ (ತೀರ್ಥಹಳ್ಳಿ ಕಡೆ):

ಎಲ್ಲರಿಗೂ ನಮಸ್ಕಾರ. ನಮ್ಮದು ಎರಡು ಎಕರೆ ಗದ್ದೆ, ಮೇಲೆ ಸ್ವಲ್ಪ ಅಡಿಕೆ ತೋಟ, ಅದರ ಆಚೆ ಹಕ್ಕಲು, ಅಂದರೆ ಕುರುಚಲು ಬೆಳೆದ ಜಾಗ. ಈ ಸಲ ಇಲಿ ಕಾಟ ತುಂಬಾ ಜಾಸ್ತಿ. ಭತ್ತ ಹೊಡೆ ತುಂಬುವ (ದಂಟಿನೊಳಗೆ ತೆನೆ ಕಟ್ಟುವ) ಹೊತ್ತಿಗೆ ಸರಿಯಾಗಿ ಶುರುವಾಗಿದೆ. ಬೆಳಿಗ್ಗೆ ಹೋದರೆ ಬುಡದಲ್ಲಿ ಓರೆಯಾಗಿ ಕತ್ತರಿಸಿದ ದಂಟು ನೀರಿನ ಮೇಲೆ ತೇಲುತ್ತಿರುತ್ತದೆ. ಗದ್ದೆ ನಡುವೆ ಒಂದು ಚಾಪೆ ಹಾಸುವಷ್ಟು ಜಾಗ ಬೋಳಾಗಿದೆ, ಅಂಥವು ಈಗ ಐದಾರು ಆಗಿವೆ. ಅಂಚಿನ ಮೇಲೆ ಅಲ್ಲಲ್ಲಿ ಹೊಸ ಮಣ್ಣಿನ ಗುಡ್ಡೆ.

ಇದೇ ಸಮಯಕ್ಕೆ ಒಂದು ಕಾಡುಬೆಕ್ಕು ಬರುತ್ತಿದೆ. ಮೊದಲ ಸಲ ನೋಡಿದ್ದು ಬೆಳಿಗ್ಗೆ ಆರೂವರೆಗೆ, ನೀರು ನೋಡಲು ಹೋಗಿದ್ದೆ, ಮಂಜು ಇನ್ನೂ ಬಿಟ್ಟಿರಲಿಲ್ಲ. ಮೇಲಿನ ಗದ್ದೆ ಅಂಚಿನ ಮೇಲೆ ಕಲ್ಲಿನ ಹಾಗೆ ನಿಂತಿತ್ತು. ಬೂದು ಮಿಶ್ರಿತ ಕಂದು ಬಣ್ಣ, ಉದ್ದ ಕಾಲು, ಮೋಟು ಬಾಲ. ಕಿವಿ ಮಾತ್ರ ಒಂದು ಸಲ ಪಕ್ಕಕ್ಕೆ, ಒಂದು ಸಲ ಮುಂದಕ್ಕೆ ತಿರುಗುತ್ತಿತ್ತು. ಎಷ್ಟು ಹೊತ್ತು ಹಾಗೇ ಇತ್ತು ಅಂದರೆ ನನ್ನ ಕಾಲಿಗೆ ಇಂಬಳ ಹತ್ತಿದ್ದು ಗೊತ್ತಾದರೂ ಬಗ್ಗಿ ತೆಗೆಯಲಿಲ್ಲ. ಆಮೇಲೆ ಒಮ್ಮೆಲೇ ನಾಲ್ಕೂ ಕಾಲು ನೆಲ ಬಿಟ್ಟು ಹಾರಿತು. ಮುಂಗಾಲು ಎರಡೂ ಒಟ್ಟಿಗೆ ಹುಲ್ಲಿನೊಳಗೆ ಹೋದವು, ತಲೆ ಬಗ್ಗಿತು, ಎತ್ತಿದಾಗ ಬಾಯಲ್ಲಿ ಇಲಿ ಇತ್ತು. ಅಲ್ಲೇ ಕೂತು ತಲೆ ಕಡೆಯಿಂದ ತಿಂದಿತು. ಬಾಲ ಕೊನೆಗೆ ಒಳಗೆ ಹೋಯಿತು. ಬಾಯಿ ಒರೆಸಿಕೊಂಡು ಇನ್ನೊಂದು ಅಂಚಿಗೆ ನಡೆಯಿತು.

ಅವತ್ತಿಂದ ಪಾಷಾಣ ಇಡಲು ಮನಸ್ಸು ಬರುತ್ತಿಲ್ಲ. ಆದರೆ ಪಕ್ಕದ ಗದ್ದೆ ನಮ್ಮ ದೊಡ್ಡಪ್ಪನದು. ಅವರ ಎರಡು ಕೋಳಿ ಹೋಗಿವೆ, ಬೆಕ್ಕಿನದೇ ಕೆಲಸ ಅಂತಾರೆ. "ಪಾಷಾಣ ಇಡು, ಇಲಿಯೂ ಹೋಗಲಿ ಬೆಕ್ಕೂ ಹೋಗಲಿ" ಅಂತ ಹೇಳಿದ್ದಾರೆ. ಪೇಟೆಯಲ್ಲಿ ಅಂಗಡಿಯವರನ್ನು ಕೇಳಿದೆ. ಇಲಿಗೆ ಮಾತ್ರ, ಬೇರೆ ಪ್ರಾಣಿಗೆ ಏನೂ ಆಗಲ್ಲ ಅಂದು ಕೇಕ್ ಥರದ್ದು ಒಂದು ಡಬ್ಬಿ ಕೊಟ್ಟರು. ಇನ್ನೂ ಒಡೆದಿಲ್ಲ.

ಒಂದು ಬೆಕ್ಕು ನಿಜವಾಗಿ ಎಷ್ಟು ಇಲಿ ತಿನ್ನುತ್ತದೆ? ಇದರಿಂದ ಗದ್ದೆಗೆ ಉಪಯೋಗ ಇದೆಯಾ, ಅಥವಾ ನಾನು ಸುಮ್ನೆ ಮನಸ್ಸಿಗೆ ಹಚ್ಚಿಕೊಂಡಿದ್ದೇನಾ? ತಿಳಿದವರು ಹೇಳಿ.

ಕಾನುಹಾದಿ (ಸೊರಬ):

ನೀವು ನೋಡಿದ್ದು ಕಾಡುಬೆಕ್ಕೇ, ಅನುಮಾನ ಬೇಡ. ಮೈಮೇಲೆ ಚುಕ್ಕೆ ಇಲ್ಲ, ಬಾಲದ ತುದಿ ಕಪ್ಪು, ತುದಿಗೆ ಮುಂಚೆ ಎರಡು ಮೂರು ಬಳೆ, ಕಿವಿ ತುದಿಯಲ್ಲಿ ಚಿಕ್ಕ ಕಪ್ಪು ಕೂದಲು. ಮೈತುಂಬ ಚಿರತೆ ಥರ ಚುಕ್ಕೆ ಇದ್ದರೆ ಅದು ಚಿರತೆ ಬೆಕ್ಕು, ನಮ್ಮ ಕಡೆ ಕೆಲವರು ಹುಲಿಬೆಕ್ಕು ಅಂತಲೂ ಅನ್ನುತ್ತಾರೆ. ಅದು ದಟ್ಟ ಕಾಡು, ಕಾಫಿ ತೋಟದ ಕಡೆ ಜಾಸ್ತಿ. ಕಾಡುಬೆಕ್ಕಿಗೆ ಹೆಸರು ಮಾತ್ರ ಕಾಡು. ಅದಕ್ಕೆ ಬೇಕಾದದ್ದು ಹುಲ್ಲು, ಕುರುಚಲು, ಕೆರೆ ಅಂಚು, ಗದ್ದೆ ಬಯಲು. ಅಂದರೆ ಇಲಿ ಎಲ್ಲಿ ಇದೆಯೋ ಅಲ್ಲಿ.

ಎಷ್ಟು ತಿನ್ನುತ್ತದೆ ಅನ್ನುವುದಕ್ಕೆ ರಾಜಸ್ಥಾನದ ಸರಿಸ್ಕಾದಲ್ಲಿ ಮಾಡಿದ ಒಂದು ಅಧ್ಯಯನ ಇದೆ, 2004ರಲ್ಲಿ ಪ್ರಕಟವಾದದ್ದು. ಹಿಕ್ಕೆ ಆರಿಸಿ, ತೊಳೆದು, ಅದರೊಳಗಿನ ಕೂದಲು, ಮೂಳೆ, ಹಲ್ಲು ನೋಡಿ ಲೆಕ್ಕ ಹಾಕಿದ್ದರು. ಒಂದು ಕಾಡುಬೆಕ್ಕು ದಿನಕ್ಕೆ 3ರಿಂದ 5 ಸಣ್ಣ ಇಲಿ ತಿನ್ನುತ್ತದೆ ಅಂತ ಬಂತು. ವರ್ಷಕ್ಕೆ 1095ರಿಂದ 1825. ಸರಿಸ್ಕಾ ಒಣ ಕಾಡು, ನಮ್ಮ ಮಲೆನಾಡಲ್ಲ, ಅದನ್ನು ನೆನಪಿಡಿ. ನಮ್ಮ ಗದ್ದೆಯಲ್ಲಿ ಇರುವುದು ಒಂದೇ ಥರದ ಇಲಿ ಕೂಡ ಅಲ್ಲ. ಹತ್ತು ಗ್ರಾಂ ತೂಗುವ ಚಿಟ್ಟಿಲಿಯೂ ಇದೆ, ಕಾಲು ಕೆಜಿ ತೂಗುವ ಗದ್ದೆ ಹೆಗ್ಗಣವೂ ಇದೆ. ಹೆಗ್ಗಣ ಸಿಕ್ಕ ದಿನ ಒಂದೇ ಸಾಕಾಗಬಹುದು, ಚಿಟ್ಟಿಲಿಯೇ ಸಿಕ್ಕರೆ ಸುಮಾರು ಹಿಡಿಯಬೇಕು. ನಿಮ್ಮ ಅಂಚಿನ ಮೇಲಿನ ಹೊಸ ಮಣ್ಣಿನ ಗುಡ್ಡೆ ಹೆಗ್ಗಣದ್ದೇ, ಒಳಗೆ ಹೋಗಿ ಬಾಗಿಲು ಮುಚ್ಚಿಕೊಳ್ಳುವುದು ಅದರ ಅಭ್ಯಾಸ.

ಒಂದು ಕೆಲಸ ಮಾಡಿ. ಅಂಚಿನ ಮೇಲೆ ಅದರ ಹಿಕ್ಕೆ ಸಿಕ್ಕರೆ ಕೋಲಿನಿಂದ ಬಿಡಿಸಿ ನೋಡಿ, ಕೈ ಹಾಕಬೇಡಿ. ಇಲಿಯ ಮುಂದಿನ ಹಲ್ಲು ಹಳದಿ, ಬಾಗಿರುತ್ತದೆ, ಅಕ್ಕಿ ಕಾಳಿನಷ್ಟೇ ಇರುತ್ತದೆ. ಒಂದು ಸಲ ನೋಡಿದರೆ ಮರೆಯುವುದಿಲ್ಲ. ಕೋಳಿ ತಿಂದಿದ್ದರೆ ಗರಿಯ ದಂಟು ಸಿಗುತ್ತದೆ. ದೊಡ್ಡಪ್ಪನಿಗೆ ತೋರಿಸಲು ಅದಕ್ಕಿಂತ ಒಳ್ಳೆ ಸಾಕ್ಷಿ ಇಲ್ಲ.

ಭದ್ರಾನಾಲೆ (ಭದ್ರಾವತಿ):

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಬೆಕ್ಕನ್ನು ನಂಬಿ ಕೂತರೆ ಈ ವರ್ಷದ ಬೆಳೆ ಉಳಿಯುವುದಿಲ್ಲ. ಹೆಗ್ಗಣ ಗಬ್ಬ ಕಟ್ಟಿ ಮೂರು ವಾರಕ್ಕೆ ಮರಿ ಹಾಕುತ್ತದೆ, ಒಂದು ಸಲಕ್ಕೆ ಐದು, ಆರು, ಎಂಟು. ಕಾಡುಬೆಕ್ಕು ಎರಡು ತಿಂಗಳು ಹೊತ್ತು ಎರಡು ಮೂರು ಮರಿ ಹಾಕುತ್ತದೆ. ಯಾವ ಲೆಕ್ಕದಲ್ಲಿ ಬೆಕ್ಕು ಗೆಲ್ಲುತ್ತದೆ ಹೇಳಿ. ನಮ್ಮದು ನಾಲೆ ನೀರಿನ ಬಯಲು, ಎರಡು ಬೆಳೆ, ಮಧ್ಯೆ ಕಬ್ಬು. ಇಲಿಗೆ ವರ್ಷಪೂರ್ತಿ ಊಟ. ಹೋದ ವರ್ಷ ನಾನು ಏನೂ ಮಾಡದೆ ಬಿಟ್ಟು ಒಂದು ಮೂಲೆ ಪೂರ್ತಿ ಕಳೆದುಕೊಂಡೆ.

ಹಾಗಂತ ಬೆಕ್ಕು ಬೇಡ ಅನ್ನುತ್ತಿಲ್ಲ. ಕಬ್ಬು ಕಡಿಯುವಾಗ ಒಂದು ಸಲ ಮೂರು ಮರಿ ಸಿಕ್ಕಿದ್ದವು. ಕಣ್ಣು ಇನ್ನೂ ಸರಿಯಾಗಿ ಬಿಟ್ಟಿರಲಿಲ್ಲ, ಮೈಮೇಲೆ ಪಟ್ಟೆ ಇತ್ತು, ಕೂಲಿಯವರು ಚಿರತೆ ಮರಿ ಅಂತ ಹೆದರಿ ಓಡಿದರು. ಯಾರೂ ಮನೆಗೆ ಒಯ್ಯಬೇಡಿ ಅಂತ ಹೇಳಿ, ಸಿಕ್ಕ ಜಾಗದಲ್ಲೇ ಬುಟ್ಟಿಯಲ್ಲಿ ಇಟ್ಟು, ಸುತ್ತ ನಾಲ್ಕು ಸಾಲು ಕಬ್ಬು ಕಡಿಯದೆ ಬಿಟ್ಟೆವು. ಕತ್ತಲಾದ ಮೇಲೆ ತಾಯಿ ಬಂದು ಒಂದೊಂದೇ ಕಚ್ಚಿಕೊಂಡು ಹೋಯಿತು. ಬೆಳಿಗ್ಗೆ ಬುಟ್ಟಿ ಖಾಲಿ. ಹಾಗಾಗಿ ನನಗೂ ಆ ಪ್ರಾಣಿ ಮೇಲೆ ಅಕ್ಕರೆ ಇದೆ. ಆದರೆ ಇಲಿಗೆ ಏನಾದರೂ ಮಾಡಲೇಬೇಕು.

ಗದ್ದೆಮನೆ:

ಭದ್ರಾನಾಲೆ ಅಣ್ಣ, ಬೇಜಾರೇನಿಲ್ಲ, ನಿಮ್ಮ ಮಾತೂ ಸರಿಯೇ. ಅದಕ್ಕೇ ಕೇಳಿದ್ದು. ಬೆಕ್ಕು ಸಾಯದ ಹಾಗೆ ಇಲಿ ಕಡಿಮೆ ಮಾಡುವ ದಾರಿ ಇದೆಯಾ?

ಮಣ್ಣಹಾದಿ (ಹೊಸನಗರ):

ಇದೆ. ನಾನು ಶಿವಮೊಗ್ಗದ ನವಿಲೆ ಕೃಷಿ ಕಾಲೇಜಿನಲ್ಲಿ ಓದಿದವಳು, ಈಗ ಅಪ್ಪನ ಗದ್ದೆ ನಾನೇ ನೋಡಿಕೊಳ್ಳುತ್ತೇನೆ. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಯಾಕೆಂದರೆ ಈ ವಿಷಯದಲ್ಲಿ ಅರ್ಧ ತಿಳಿದರೆ ತೊಂದರೆ ಜಾಸ್ತಿ.

ಮೊದಲು ಆ ಡಬ್ಬಿ. ಕೇಕ್ ಥರದ್ದು ಅಂದಿರಿ, ಸಾಮಾನ್ಯವಾಗಿ ಅದು ಬ್ರೋಮಾಡಿಯೋಲೋನ್, ಡಬ್ಬಿ ಮೇಲೆ 0.005 ಅಂತ ಬರೆದಿರುತ್ತದೆ. ಅದು ರಕ್ತ ಹೆಪ್ಪುಗಟ್ಟದ ಹಾಗೆ ಮಾಡುತ್ತದೆ. ಇಲಿ ಅವತ್ತೇ ಸಾಯುವುದಿಲ್ಲ, ಮೂರು ನಾಲ್ಕು ದಿನ, ಕೆಲವು ಸಲ ವಾರದವರೆಗೂ ಓಡಾಡಿಕೊಂಡಿರುತ್ತದೆ. ಆ ದಿನಗಳಲ್ಲಿ ಇನ್ನಷ್ಟು ಕೇಕ್ ತಿನ್ನುತ್ತದೆ, ಮೈ ಸೋತು ಹಗಲಲ್ಲೇ ಹೊರಗೆ ಬರುತ್ತದೆ, ಓಡಲು ಆಗುವುದಿಲ್ಲ. ನಿಮ್ಮ ಬೆಕ್ಕು ಮೊದಲು ಹಿಡಿಯುವುದು ಅಂಥ ಇಲಿಯನ್ನೇ. ವಿಷ ಇಲಿಯ ಪಿತ್ತಜನಕಾಂಗದಲ್ಲಿ ಉಳಿದಿರುತ್ತದೆ, ಬೆಕ್ಕು ದಿನಾ ಅಂಥದ್ದೇ ಇಲಿ ತಿಂದರೆ ಅದರ ಮೈಯಲ್ಲೂ ಸೇರುತ್ತಾ ಹೋಗುತ್ತದೆ. ಗೂಬೆಗೂ ಇದೇ ಗತಿ. ಬೇರೆ ಪ್ರಾಣಿಗೆ ಏನೂ ಆಗಲ್ಲ ಅನ್ನುವುದು ತಪ್ಪು.

ಇನ್ನೊಂದು ಕಪ್ಪು ಪುಡಿ, ಜಿಂಕ್ ಫಾಸ್ಫೈಡ್. ಹಳ್ಳಿಯಲ್ಲಿ ಇಲಿ ಪಾಷಾಣ ಅಂದರೆ ಹೆಚ್ಚಾಗಿ ಇದೇ. ಹೊಟ್ಟೆಯ ಹುಳಿಗೆ ತಾಗಿದ ಕೂಡಲೇ ವಿಷದ ಗಾಳಿ ಆಗುತ್ತದೆ, ಇಲಿ ಒಂದೇ ರಾತ್ರಿಯಲ್ಲಿ ಸಾಯುತ್ತದೆ. ಮಾಂಸದಲ್ಲಿ ಕೇಕಿನಷ್ಟು ಉಳಿಯುವುದಿಲ್ಲ. ಆದರೆ ಹೊಟ್ಟೆಯಲ್ಲಿ ಕರಗದೆ ಉಳಿದ ಪುಡಿ ಇರುತ್ತದೆ, ನಿಮ್ಮ ಬೆಕ್ಕು ಬಾಲದವರೆಗೂ ನುಂಗುತ್ತದೆ ಅಂತ ನೀವೇ ಬರೆದಿದ್ದೀರಿ. ಮನುಷ್ಯರಿಗೂ ಇದಕ್ಕೆ ಮದ್ದಿಲ್ಲ. ಮಕ್ಕಳಿರುವ ಮನೆಯಲ್ಲಿ ಇಡಲೇಬೇಡಿ. ಕೇಕಿನ ವಿಷಕ್ಕಾದರೆ ವಿಟಮಿನ್ ಕೆ ಇಂಜೆಕ್ಷನ್ ಇದೆ, ಸಾಕಿದ ನಾಯಿ ಬೆಕ್ಕು ತಿಂದರೆ ತಡ ಮಾಡದೆ ಪಶುವೈದ್ಯರ ಹತ್ತಿರ ಓಡಿ.

ಈಗ ಸಮಯದ ವಿಷಯ, ಎಲ್ಲರೂ ತಪ್ಪುವುದು ಇಲ್ಲೇ. ಹೊಡೆ ತುಂಬಿದ ಮೇಲೆ ಇಲಿಗೆ ನೀವಿಡುವ ಅಕ್ಕಿ ಬೇಕಿಲ್ಲ, ಸುತ್ತಲೂ ಹಾಲು ತುಂಬುವ ತೆನೆ ಇರುತ್ತದೆ. ಒಂದು ಚೂರು ಮೂಸಿ, ಸ್ವಲ್ಪ ನೆಕ್ಕಿ, ಹೊಟ್ಟೆ ಕೆಟ್ಟು ಬದುಕಿ ಉಳಿದರೆ ಆಮೇಲೆ ಆ ಪಾಷಾಣದ ಹತ್ತಿರ ಸುಳಿಯುವುದಿಲ್ಲ. ಈಗ ಇಟ್ಟರೆ ದುಡ್ಡೂ ಹೋಯಿತು, ಇಲಿಗೆ ಬುದ್ಧಿಯೂ ಬಂತು.

ಭೂಮಿ ಹುಣ್ಣಿಮೆಗೆ ನಾವು ಭೂಮಿತಾಯಿ ಬಸುರಿ ಅಂತ ಬಯಕೆ ಊಟ ಕೊಡುತ್ತೇವಲ್ಲ, ಅದೇ ಹೊತ್ತಿಗೆ ಹೆಗ್ಗಣವೂ ಬಸುರಿ. ಹೊಡೆ ತುಂಬುವುದಕ್ಕೂ ಇಲಿ ಮರಿ ಹಾಕುವುದಕ್ಕೂ ನೇರ ಸಂಬಂಧ ಇದೆ, ಆ ಮೆತ್ತನೆ ಕಾಳಿನ ಊಟ ಸಿಕ್ಕಾಗಲೇ ಅದು ಗಬ್ಬ ಕಟ್ಟುವುದು. ನಮ್ಮ ಅಜ್ಜಿ ಚರಗ ಚೆಲ್ಲುವಾಗ ಕಾಗೆಗೆ ಒಂದು ಎಡೆ, ಇಲಿಗೆ ಒಂದು ಎಡೆ ಇಡುತ್ತಿದ್ದಳು. ಇಲಿಯ ಎಡೆಯನ್ನು ಅಂಚಿನಲ್ಲಿ ಸಣ್ಣ ಗುಂಡಿ ತೋಡಿ ಮುಚ್ಚುತ್ತಿದ್ದಳು. ಅವಳಿಗೆ ಗದ್ದೆಯಲ್ಲಿ ಯಾರು ಯಾರು ಉಣ್ಣುತ್ತಾರೆ ಅಂತ ಚೆನ್ನಾಗಿ ಗೊತ್ತಿತ್ತು. ಹಾಗಾಗಿ ಇಲಿ ಕಡಿಮೆ ಮಾಡುವುದಾದರೆ ಅದಕ್ಕೆ ಮುಂಚೆ, ನಾಟಿಯಾದ ಮೊದಲ ಮೂರು ನಾಲ್ಕು ವಾರದಲ್ಲಿ ಮಾಡಬೇಕು. ಆಗ ಗದ್ದೆಯಲ್ಲಿ ಇಲಿ ಕಡಿಮೆ, ಹಸಿವೆ ಜಾಸ್ತಿ. ಆಗ ಒಂದು ಹೆಣ್ಣು ಹೆಗ್ಗಣ ಹೋದರೆ ಹೊಡೆ ಹೊತ್ತಿಗೆ ಅದರ ಇಡೀ ಸಂಸಾರ ಇಲ್ಲದ ಹಾಗೆ. ಭದ್ರಾನಾಲೆಯವರು ಲೆಕ್ಕ ಕೇಳಿದರಲ್ಲ, ಬೆಕ್ಕಿನ ಬೆಲೆ ಇರುವುದೂ ಇಲ್ಲೇ ಅಂತ ನನ್ನ ನಂಬಿಕೆ. ಇಲಿ ಸಾವಿರ ಆದಾಗ ಬೆಕ್ಕು ಏನೂ ಮಾಡಲಾರದು. ಬೇಸಿಗೆಯಲ್ಲಿ, ಮಳೆ ಶುರುವಿನಲ್ಲಿ, ಇಲಿ ನಲವತ್ತು ಐವತ್ತು ಇದ್ದಾಗ ದಿನಕ್ಕೆ ಮೂರು ಹಿಡಿಯುವ ಪ್ರಾಣಿ ಗದ್ದೆ ಪಕ್ಕದಲ್ಲೇ ಇದ್ದರೆ ಅದು ದೊಡ್ಡ ಮಾತು.

ಸದ್ಯಕ್ಕೆ ಇಷ್ಟು ಮಾಡಿ. ಸಂಜೆ ಎಲ್ಲ ಬಿಲದ ಬಾಯಿ ಮಣ್ಣಿನಿಂದ ಮುಚ್ಚಿ, ಬೆಳಿಗ್ಗೆ ಯಾವುದು ತೆರೆದಿದೆ ನೋಡಿ. ಇಲಿ ಇರುವುದು ಅದರಲ್ಲಿ. ಅಂಥ ಬಿಲದ ಬಾಯಲ್ಲಿ ಬೋನು ಇಡಿ, ಇಲ್ಲವೇ ಅಗೆಯಿರಿ, ಹೊಗೆ ಹಾಕಿ. ತೀರಾ ಅನಿವಾರ್ಯ ಆದರೆ ಮಾತ್ರ ಜಿಂಕ್ ಫಾಸ್ಫೈಡ್, ಅದೂ ಈಗಲ್ಲ, ಮುಂದಿನ ಸಲ ನಾಟಿಯಾದ ಹೊಸತರಲ್ಲಿ. ಎರಡು ದಿನ ಬರೀ ಎಣ್ಣೆ ಸವರಿದ ಅಕ್ಕಿ ನುಚ್ಚು ಇಟ್ಟು ರುಚಿ ಹಿಡಿಸಿ, ಮೂರನೇ ದಿನ ನೂರಕ್ಕೆ ಎರಡು ಪಾಲು ಪುಡಿ ಕೋಲಿನಿಂದ ಕಲಸಿ, ಬಿಲದ ಒಳಗೇ ತಳ್ಳಿ ಬಾಯಿ ಮುಚ್ಚಿ. ಅಂಚಿನ ಮೇಲೆ ಎಲೆಯಲ್ಲಿ ಇಡಬಾರದು. ಬೆಳಿಗ್ಗೆ ಬೇಗ ಹೋಗಿ ಹೊರಗೆ ಸತ್ತದ್ದನ್ನೆಲ್ಲ ಆರಿಸಿ ಆಳವಾಗಿ ಹೂಳಿ. ಈ ಆರಿಸುವ ಕೆಲಸ ಯಾರೂ ಮಾಡುವುದಿಲ್ಲ, ಬೆಕ್ಕು ಸಾಯುವುದು ಅದರಿಂದಲೇ. ಬೇಸಿಗೆಯಲ್ಲಿ ಅಂಚು ಕಡಿದು ಒಂದು ಅಡಿಗೆ ಇಳಿಸಿ. ಅಗಲ ಅಂಚು ಇದ್ದರೆ ಹೆಗ್ಗಣಕ್ಕೆ ಮನೆ ಕಟ್ಟಿಕೊಟ್ಟ ಹಾಗೆ. ಗದ್ದೆ ನಡುವೆ ಬಿದಿರಿನ ಟಿ ಆಕಾರದ ಗೂಟ ನಾಲ್ಕು ನೆಡಿ, ರಾತ್ರಿ ಗೂಬೆ ಬಂದು ಕೂರುತ್ತದೆ. ಕೇರೆ ಹಾವು ಕಂಡರೆ ಹೊಡೆಯಬೇಡಿ, ಅದು ಬಿಲದೊಳಗೆ ನುಗ್ಗಿ ಮರಿ ತಿನ್ನುತ್ತದೆ. ಹಕ್ಕಲಿಗೆ ಬೆಂಕಿ ಕೊಡಬೇಡಿ, ಬೆಕ್ಕು ಹಗಲು ಮಲಗುವುದು, ಮರಿ ಹಾಕುವುದು ಅಲ್ಲೇ.

ಇನ್ನೊಂದು. ಬಿಲ ಅಗೆಯುವಾಗ ಕೈಗೆ ಗ್ಲೌಸ್, ಕಾಲಿಗೆ ಬೂಟು ಹಾಕಿ. ಕಾಲಲ್ಲಿ ಗಾಯ ಇದ್ದರೆ ಗದ್ದೆ ನೀರಿಗೆ ಇಳಿಯಬೇಡಿ. ಇಲಿ ಉಚ್ಚೆಯಿಂದ ಬರುವ ಇಲಿ ಜ್ವರ ನಮ್ಮ ಕಡೆ ಇದೆ. ಜ್ವರ, ಮೀನಖಂಡ ನೋವು, ಕಣ್ಣು ಕೆಂಪು ಆದರೆ ಗದ್ದೆ ಕೆಲಸ ಮಾಡಿದ್ದೆ ಅಂತ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ.

ಅಟ್ಟದಮನೆ (ಸಾಗರ):

ಎಲ್ಲರೂ ಕಾಡುಬೆಕ್ಕಿನ ಬಗ್ಗೆ ಬರೆದಿದ್ದೀರಿ, ನಾನು ಚಿಕ್ಕದೊಂದರ ಬಗ್ಗೆ ಹೇಳಬೇಕು. ನಾಲ್ಕು ವರ್ಷದ ಹಿಂದೆ ನಮ್ಮ ಹಳೇ ಮನೆ ಅಟ್ಟದಲ್ಲಿ ಅಡಿಕೆ ಚೀಲದ ಹಿಂದೆ ಎರಡು ಮರಿ ಇದ್ದವು. ಮನೆ ಬೆಕ್ಕಿನವು ಅಂದುಕೊಂಡೆವು. ತಾಯಿ ರಾತ್ರಿ ಮಾಡಿನ ಸಂದಿಯಿಂದ ಇಳಿಯುವುದನ್ನು ಟಾರ್ಚ್ ಬೆಳಕಿನಲ್ಲಿ ನೋಡಿದಾಗ ಗೊತ್ತಾಯಿತು. ಮನೆ ಬೆಕ್ಕಿಗಿಂತ ಚಿಕ್ಕದು, ಬೆನ್ನಿನ ಮೇಲೆ ತುಕ್ಕು ಬಣ್ಣದ ಚುಕ್ಕೆ ಸಾಲು, ಹಣೆ ಮೇಲೆ ಬಿಳಿ ಗೆರೆ, ದೊಡ್ಡ ಕಣ್ಣು. ತುಕ್ಕು ಚುಕ್ಕೆ ಬೆಕ್ಕು. ಏಷ್ಯಾದಲ್ಲೇ ಅತಿ ಚಿಕ್ಕ ಕಾಡು ಬೆಕ್ಕಿನ ಜಾತಿ ಇದು, ಒಂದು ಒಂದೂವರೆ ಕೆಜಿ ಅಷ್ಟೇ. ಭಾರತ, ಶ್ರೀಲಂಕಾ, ನೇಪಾಳ ಬಿಟ್ಟರೆ ಬೇರೆಲ್ಲೂ ಇಲ್ಲ. ಗದ್ದೆ ನಡುವಿನ ಮನೆಗಳ ಅಟ್ಟದಲ್ಲಿ ಮರಿ ಹಾಕುವುದು ಇದಕ್ಕೆ ಹೊಸದಲ್ಲ, ದಕ್ಷಿಣ ಭಾರತದಲ್ಲಿ ಬೇರೆ ಕಡೆಯೂ ಕಂಡಿದ್ದಾರೆ. ಆ ಒಂದು ತಿಂಗಳು ಅಮ್ಮ ಅಟ್ಟ ಹತ್ತಲು ಯಾರಿಗೂ ಬಿಡಲಿಲ್ಲ. ಬೆಳಿಗ್ಗೆ ಏಣಿ ಕೆಳಗೆ ಇಲಿಯ ಬಾಲ ಬಿದ್ದಿರುತ್ತಿತ್ತು, ಅವಳೇ ಗುಡಿಸುತ್ತಿದ್ದಳು. ಆ ವರ್ಷ ಅಡಿಕೆ ಚೀಲ ಒಂದೂ ತೂತಾಗಲಿಲ್ಲ.

ದೊಡ್ಡಪ್ಪನ ಕೋಳಿ ವಿಷಯ. ರಾತ್ರಿ ಹೋಗಿದ್ದಾ, ಹಗಲು ಹೋಗಿದ್ದಾ ಕೇಳಿ. ಕಬ್ಬೆಕ್ಕು, ಪುನುಗು, ಮುಂಗುಸಿ ಇವೂ ಕೋಳಿ ಹಿಡಿಯುತ್ತವೆ. ಕಬ್ಬೆಕ್ಕು ಮತ್ತು ಪುನುಗು ಹೆಸರಿಗೆ ಬೆಕ್ಕು, ಜಾತಿ ಬೇರೆ. ಕಾಡುಬೆಕ್ಕು ಕೋಳಿ ಮುಟ್ಟುವುದೇ ಇಲ್ಲ ಅಂತ ನಾನು ಹೇಳುವುದಿಲ್ಲ, ಬಿಟ್ಟ ಕೋಳಿ ಸಿಕ್ಕರೆ ಹಿಡಿಯುತ್ತದೆ. ಅದಕ್ಕೆ ಗೂಡು ಭದ್ರ ಮಾಡಬೇಕು. ಬೆಕ್ಕನ್ನು ಕೊಂದರೆ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ, ಅದನ್ನೂ ದೊಡ್ಡಪ್ಪನಿಗೆ ನಿಧಾನವಾಗಿ ಹೇಳಿ.

ಕಾನುಹಾದಿ:

ಇಲಿ ಜ್ವರದ ಮಾತು ಬಂದದ್ದಕ್ಕೆ ಒಂದು ಸೇರಿಸುತ್ತೇನೆ. ಕ್ಯಾಸನೂರು ಕಾಡು ಇರುವುದು ನಮ್ಮ ಸೊರಬ ತಾಲೂಕಿನಲ್ಲೇ, ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ಅಲ್ಲೇ. ಮಂಗ ಸತ್ತದ್ದು ಎಲ್ಲರಿಗೂ ಕಾಣುತ್ತದೆ. ಆದರೆ ಆ ಕಾಯಿಲೆ ಹರಡುವ ಉಣುಗಿನ ಮರಿಗಳು ರಕ್ತ ಕುಡಿದು ಬೆಳೆಯುವುದು ಇಲಿ, ಸೊಂಡಿಲಿ, ಅಳಿಲಿನಂಥ ಸಣ್ಣ ಜೀವಿಗಳ ಮೈಮೇಲೆ. ಬೆಕ್ಕು ಇದ್ದರೆ ಕಾಯಿಲೆ ಬರಲ್ಲ ಅಂತ ನಾನು ಹೇಳುತ್ತಿಲ್ಲ. ಕಾಡಂಚಿನಲ್ಲಿ ಇಲಿ ಹೆಚ್ಚುವುದು ಭತ್ತದ ಲೆಕ್ಕ ಮಾತ್ರ ಅಲ್ಲ ಅನ್ನುವುದು ತಲೆಯಲ್ಲಿರಲಿ. ಕಾಡಿಗೆ ದರಗು (ಒಣ ಎಲೆ) ತರಲು ಹೋಗುವವರು ಮೈಗೆ ಉಣುಗು ತಡೆಯುವ ಎಣ್ಣೆ ಹಚ್ಚಿಕೊಂಡೇ ಹೋಗಿ, ಬಂದ ಮೇಲೆ ಬಿಸಿನೀರಿನಲ್ಲಿ ಬಟ್ಟೆ ನೆನೆಸಿ.

ಗದ್ದೆಮನೆ (ಕೊಯ್ಲಾದ ಮೇಲೆ):

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಡಬ್ಬಿ ಒಡೆಯಲಿಲ್ಲ, ವಾಪಸ್ ಕೊಟ್ಟು ಬಂದೆ. ಬಿಲ ಮುಚ್ಚಿ ನೋಡಿದಾಗ ಅರವತ್ತರಲ್ಲಿ ಇಪ್ಪತ್ತಮೂರು ತೆರೆದಿದ್ದವು. ಆರು ಬೋನು ತಂದು ಜಾಗ ಬದಲಿಸುತ್ತಾ ಇಟ್ಟೆ. ಹತ್ತು ದಿನದಲ್ಲಿ ಹದಿನೇಳು ಹೆಗ್ಗಣ ಸಿಕ್ಕವು. ಬೆಳೆ ನಷ್ಟ ಆಗಿದೆ, ಇಲ್ಲ ಅನ್ನುವುದಿಲ್ಲ, ಹೋದ ವರ್ಷಕ್ಕಿಂತ ನಾಲ್ಕು ಚೀಲ ಕಡಿಮೆ. ಆದರೆ ಬೋಳು ಜಾಗ ಹೆಚ್ಚಲಿಲ್ಲ.

ಹಿಕ್ಕೆ ಸಿಕ್ಕಿತು. ಮೇಲಿನ ಗದ್ದೆಯ ಕಲ್ಲಿನ ಮೇಲೇ ಇಟ್ಟುಹೋಗಿತ್ತು, ಒಣಗಿ ಬೆಳ್ಳಗಾಗಿತ್ತು. ದೊಡ್ಡಪ್ಪನನ್ನು ಕರೆದುಕೊಂಡು ಹೋಗಿ ಅವರ ಎದುರೇ ಅಡಿಕೆ ಹಾಳೆ ಮೇಲೆ ಕಡ್ಡಿಯಿಂದ ಬಿಡಿಸಿದೆ. ಪೂರ್ತಿ ಇಲಿ ಕೂದಲು, ಬೂದಿ ಬಣ್ಣದ್ದು. ಒಂದು ಪುಟ್ಟ ದವಡೆ, ಅದರಲ್ಲಿ ಹಲ್ಲು ಹಾಗೇ ಇದ್ದವು. ಬಾಗಿದ ಹಳದಿ ಹಲ್ಲು ಒಂಬತ್ತು ಎಣಿಸಿದೆವು. ಗರಿ ಒಂದೂ ಇರಲಿಲ್ಲ. ದೊಡ್ಡಪ್ಪ ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದರು. "ಇಷ್ಟು ಹಲ್ಲು ಒಂದೇ ಸಲಕ್ಕಾ?" ಅಂದರು. ಮತ್ತೇನೂ ಹೇಳಲಿಲ್ಲ. ಆದರೆ ಅವರ ಗದ್ದೆಗೂ ಪಾಷಾಣ ಇಡಲಿಲ್ಲ, ನನ್ನ ಬೋನು ಎರಡು ಕೇಳಿ ಒಯ್ದರು.

ಮೊನ್ನೆ ಅವರ ಬಿಲ ಅಗೆದಾಗ ಒಂದರಲ್ಲೇ ಎರಡು ಸೇರು ಭತ್ತ ಸಿಕ್ಕಿತು, ತೆನೆಗಳನ್ನು ಜೋಡಿಸಿಟ್ಟ ಹಾಗಿತ್ತು. ಬೆಕ್ಕು ಈಗಲೂ ಬರುತ್ತದೆ. ಕೂಳೆ ಗದ್ದೆಯಲ್ಲಿ ದೂರದಿಂದಲೇ ಕಾಣುತ್ತದೆ.

ದೊಡ್ಡಪ್ಪ ಕೋಳಿ ಗೂಡಿಗೆ ಬಲೆ ಹಾಕಿಸಬೇಕು ಅಂತಿದ್ದಾರೆ. ಯಾವುದು ಒಳ್ಳೇದು?

ಅಟ್ಟದಮನೆ:

ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ ಹಾಕಿಸಿ, ಕೋಳಿ ಬಲೆ ಅಂತ ಮಾರುವ ತೆಳು ತಂತಿ ಬೇಡ, ಕಚ್ಚಿ ಎಳೆದರೆ ಬಿಡುತ್ತದೆ. ತಳಕ್ಕೂ ಹಾಕಿಸಿ, ಹೆಗ್ಗಣ ಕೆಳಗಿಂದ ಕೊರೆದು ಮರಿ ಕೋಳಿ ಎಳೆಯುತ್ತದೆ. ಬಾಗಿಲಿಗೆ ಚಿಲಕ ಎರಡು ಇರಲಿ, ಸಂಜೆ ಆರಕ್ಕೆ ಮುಂಚೆ ಕೋಳಿ ಒಳಗೆ ಸೇರಿಸಲು ಹೇಳಿ.